ಕಾಳಿ ಕೊಳ್ಳದಲ್ಲಿ ಕೂತು ಕರೆಂಟಿನ ಷೇರು ಕೊಳ್ಳುವಾಗ

ಗಣೇಶಗುಡಿಯ ಸೂಪಾದಲ್ಲಿ 100 ಮೆಗಾವ್ಯಾಟ್, ನಾಗಝರಿಯಲ್ಲಿ ಸುಮಾರು 900, ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150, ಹೊನ್ನಾವರದ ಮೇಲುಗಡೆ ಗೇರುಸೊಪ್ಪೆಯಲ್ಲಿ 240. ಇವುಗಳ ಜೊತೆಗೆ ಕೈಗಾದ ನಾಲ್ಕು ಅಣು ಘಟಕಗಳದ್ದು 880. ಇಷ್ಟೊಂದು ಕರೆಂಟು ಹುಟ್ಟುವ ಉತ್ತರ ಕನ್ನಡದಲ್ಲಿ ಕೂತವನು ಇದರಲ್ಲಿ ಒಂದೇ ಒಂದು ಷೇರನ್ನೂ ಕೊಳ್ಳಲಾರ. ಜಲಾಗಾರಗಳೆಲ್ಲ ಕರ್ನಾಟಕ ವಿದ್ಯುತ್ ನಿಗಮದವು, ಆ ನಿಗಮ ರಾಜ್ಯ ಸರ್ಕಾರದ್ದು. ಕೈಗಾ ಎನ್‌ಪಿಸಿಐಎಲ್‌ನದು, ಆ ಅಣು ವಿದ್ಯುತ್ ನಿಗಮ ಪೂರ್ತಿ ಕೇಂದ್ರದ ಕೈಯಲ್ಲಿದೆ. ಮನೆಗೆ ಬಿಲ್ಲು ಕಳಿಸುವ ಹೆಸ್ಕಾಂ ಕೂಡ ಷೇರು ಪೇಟೆಯಲ್ಲಿಲ್ಲ. ಕೈಗಾದ ಒಂದನೇ ಘಟಕ 962 ದಿನ ನಿಲ್ಲದೆ ಓಡಿ 2018ರ ಡಿಸೆಂಬರ್ 31ಕ್ಕೆ ಜಗತ್ತಿನ ದಾಖಲೆ ಬರೆಯಿತು. ಅದರ ಲಾಭಾಂಶ ಕಾರವಾರದ ಯಾರ ಬ್ಯಾಂಕ್ ಖಾತೆಗೂ ಬರಲಿಲ್ಲ.

ಹಾಗಾಗಿ ಇಲ್ಲಿಯವರು ಕೊಳ್ಳುವುದೆಲ್ಲ ಹೊರಗಿನ ಮಾಲು. ಆ ಮಾಲನ್ನು ಒಂದೊಂದಾಗಿ ಬಿಚ್ಚಿ ನೋಡುವುದು ಈ ವಿಮರ್ಶೆಯ ಕೆಲಸ.

ಶಿರಸಿಯ ಅಡಿಕೆ ವ್ಯವಹಾರ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು ಎಲ್ಲವೂ ಅಡಿಕೆಯೇ, ಆದರೂ ಯಾರೂ ಒಂದೇ ಚೀಲಕ್ಕೆ ತುಂಬಿ ಒಂದೇ ದರ ಕೇಳುವುದಿಲ್ಲ. ‘ಹಸಿರು ಇಂಧನ’ ಎಂಬ ಚೀಲಕ್ಕೆ ಮಾತ್ರ ತಂತಿ ಎಳೆಯುವವನು, ಅಣೆಕಟ್ಟು ಕಟ್ಟುವವನು, ಪ್ಯಾನೆಲ್ ಮಾಡುವವನು, ಇವರಿಗೆಲ್ಲ ಸಾಲ ಕೊಡುವವನು ಒಟ್ಟಿಗೇ ಬೀಳುತ್ತಾರೆ. ಅಡಿಕೆಯವರು ಬಲ್ಲ ಇನ್ನೊಂದು ಸಂಗತಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ: ಮಾಲು ಎಷ್ಟೇ ಚೊಕ್ಕವಾಗಿರಲಿ, ತಗೊಂಡವನು ದುಡ್ಡು ಯಾವಾಗ ಕೊಡುತ್ತಾನೆ ಎನ್ನುವುದರ ಮೇಲೆ ವರ್ಷದ ಲೆಕ್ಕ ನಿಂತಿರುತ್ತದೆ. ಸಂಘದ ಟೆಂಡರಿಗೆ ಬಿಟ್ಟ ಅಡಿಕೆಗೂ ಉದ್ರಿಗೆ ಕೊಟ್ಟ ಅಡಿಕೆಗೂ ಇರುವ ಅಂತರವೇ ವಿದ್ಯುತ್ ಕಂಪನಿಗಳ ನಡುವೆಯೂ ಇದೆ. ಬಿಸಿಲು, ಗಾಳಿ, ನೀರಿನ ಮಾತು ಆಮೇಲೆ. ಬಿಲ್ಲು ಯಾರ ಹೆಸರಿಗೆ ಹೋಗುತ್ತದೆ, ದರ ನಿಗದಿ ಮಾಡಿದವರು ಯಾರು, ದುಡ್ಡು ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ಮೊದಲು ಕೇಳಬೇಕು.

ಪವರ್‌ಗ್ರಿಡ್: ಕಂಬ ನಿಂತಿದ್ದರೆ ಸಾಕು

ಈ ಪಟ್ಟಿಯಲ್ಲಿ ಮೊದಲು ಅರ್ಥ ಮಾಡಿಕೊಳ್ಳಬೇಕಾದ ಷೇರು ಕೇಂದ್ರ ಸರ್ಕಾರದ ಈ ಕಂಪನಿಯದು. ಇದರ ಲೆಕ್ಕ ಬಿಡಿಸಿಕೊಂಡರೆ ಉಳಿದವುಗಳ ಮುಕ್ಕಾಲು ಪಾಲು ಬಿಡಿಸಿದಂತೆ. 2007ರಲ್ಲಿ 52 ರೂಪಾಯಿಗೆ ಐಪಿಒ, ಅಂದರೆ ಜನರಿಗೆ ಮೊದಲ ಸಲದ ಷೇರು ಮಾರಾಟ, ಬಂತು. 2021ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಮೂರು ಷೇರಿಗೆ ಒಂದರಂತೆ ಪುಕ್ಕಟೆ ಬೋನಸ್ ಷೇರು ಕೊಟ್ಟಿತು.

ಪವರ್‌ಗ್ರಿಡ್ ಕರೆಂಟು ಮಾರುವುದಿಲ್ಲ, ಸಾಗಿಸುವ ಹಾದಿಯನ್ನು ಬಾಡಿಗೆಗೆ ಕೊಡುತ್ತದೆ. ತಂತಿಯಲ್ಲಿ ಎಷ್ಟು ಯೂನಿಟ್ ಹರಿಯಿತು ಎನ್ನುವುದಕ್ಕೂ ಅದರ ಆದಾಯಕ್ಕೂ ನೇರ ಸಂಬಂಧ ಇಲ್ಲ. ಪರ್ಯಾಯ ವಿದ್ಯುತ್ತಿನ (ಎಸಿ) ಮಾರ್ಗ ವರ್ಷದಲ್ಲಿ ಶೇ 98ರಷ್ಟು ಹೊತ್ತು ಬಳಕೆಗೆ ಸಿದ್ಧವಾಗಿದ್ದರೆ ಪೂರ್ತಿ ಶುಲ್ಕ ಸಿಗುತ್ತದೆ. ಮಳೆ ಕೈಕೊಟ್ಟರೂ ಗಾಳಿ ಬೀಸದಿದ್ದರೂ ಬಾಡಿಗೆ ನಿಲ್ಲುವುದಿಲ್ಲ.

ಆ ಬಾಡಿಗೆ ಕಟ್ಟುವ ರೀತಿ ಹೀಗಿದೆ. ಹಳೆಯ ಮಾರ್ಗಗಳು 2003ರ ವಿದ್ಯುತ್ ಕಾಯ್ದೆಯ 62ನೇ ಕಲಂ ಅಡಿ ಬರುತ್ತವೆ. ಒಂದು ಮಾರ್ಗಕ್ಕೆ 1,000 ಕೋಟಿ ಖರ್ಚಾಯಿತು ಎಂದಿಟ್ಟುಕೊಳ್ಳಿ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಅದರಲ್ಲಿ 700 ಕೋಟಿಯನ್ನು ಸಾಲ, 300 ಕೋಟಿಯನ್ನು ಸ್ವಂತ ಬಂಡವಾಳ ಎಂದು ಹಿಡಿಯುತ್ತದೆ. ಸಾಲದ ಬಡ್ಡಿ, ಸವಕಳಿ (ಆಸ್ತಿ ಹಳತಾಗುವುದರ ಲೆಕ್ಕ), ನಿರ್ವಹಣಾ ಖರ್ಚು ದರದಲ್ಲಿ ಬೇರೆಯಾಗಿಯೇ ಸೇರುತ್ತವೆ. 300 ಕೋಟಿಯ ಮೇಲೆ ವರ್ಷಕ್ಕೆ ಶೇ 15.5 ಪ್ರತಿಫಲ, ಅಂದರೆ 46.5 ಕೋಟಿ, ತೆರಿಗೆ ಕಳೆದ ಮೇಲೆ ಉಳಿಯುವಂತೆ ಕೊಡುತ್ತಾರೆ. 2024ರ ಏಪ್ರಿಲ್ 1ರ ನಂತರ ಶುರುವಾದ ಹೊಸ ಮಾರ್ಗಗಳಿಗೆ ಅದು ಶೇ 15.

ಈಗ ಷೇರಿನ ಬೆಲೆಗೆ ಬನ್ನಿ. ಶೇ 15.5 ಸಿಗುವುದು ಕಂಪನಿಯ ಪುಸ್ತಕದಲ್ಲಿರುವ ಬಂಡವಾಳಕ್ಕೆ. ನೀವು ಕೊಟ್ಟ ಬೆಲೆಗೆ ಅದು ಸಿಗುವುದಿಲ್ಲ. ಪುಸ್ತಕ ಮೌಲ್ಯದ ಎರಡರಷ್ಟು ಕೊಟ್ಟು ಕೊಂಡರೆ ನಿಮ್ಮ ರೂಪಾಯಿಗೆ ಬೀಳುವುದು ಶೇ 7.75, ಮೂರರಷ್ಟು ಕೊಟ್ಟರೆ ಶೇ 5ರ ಆಸುಪಾಸು. ಉಳಿದದ್ದು ಮುಂದಿನ ಬೆಳವಣಿಗೆಯಿಂದ ಬರಬೇಕು. ಸರ್ಕಾರಿ ವಿದ್ಯುತ್ ಷೇರು ಕೊಳ್ಳುವಾಗ ಪಿಇ (ಬೆಲೆ ವರ್ಷದ ಲಾಭದ ಎಷ್ಟು ಪಟ್ಟು) ನೋಡುವುದಕ್ಕಿಂತ ಮೊದಲು ಪಿಬಿ, ಅಂದರೆ ಬೆಲೆ ಪುಸ್ತಕ ಮೌಲ್ಯದ ಎಷ್ಟು ಪಟ್ಟು ಇದೆ ಎಂಬುದನ್ನು ನೋಡಿ ಎನ್ನುವುದು ಇದೇ ಕಾರಣಕ್ಕೆ. ಒಂದೂವರೆ ಪಟ್ಟಿಗೆ ಕೊಂಡವನಿಗೂ ಮೂರೂವರೆ ಪಟ್ಟಿಗೆ ಕೊಂಡವನಿಗೂ ಸಿಕ್ಕಿದ್ದು ಒಂದೇ ಕಂಪನಿ. ಆದರೆ ಮೊದಲನೆಯವನಿಗೆ ಅಸಲು ಕಾಯುವ ಷೇರು ಸಿಕ್ಕಿತು, ಎರಡನೆಯವನು ಹತ್ತು ವರ್ಷ ಕಾಯಬೇಕಾದೀತು.

ದೋಷಗಳೂ ಇವೆ. ಹೊಸ ಮಾರ್ಗಗಳು ಬಹುಪಾಲು 63ನೇ ಕಲಂ ಅಡಿ ಟೆಂಡರಿನಲ್ಲಿ ಹಂಚಿಕೆಯಾಗುತ್ತವೆ. ಕಡಿಮೆ ಬಾಡಿಗೆ ಕೂಗಿದವನಿಗೆ 35 ವರ್ಷದ ಗುತ್ತಿಗೆ, ಪ್ರತಿಫಲದ ಖಾತರಿ ಇಲ್ಲ. ಸ್ಪರ್ಧೆಯಲ್ಲಿ ಬಾಡಿಗೆ ಬಿಗಿಯಾಗಿ ಕೂಗಿದ್ದರೆ ನಷ್ಟ ಷೇರುದಾರನದು. ಇನ್ನೊಂದು ತೊಡಕು ಜಾಗದ್ದು. ತಂತಿ ಮಾರ್ಗ ಕಾಡು, ತೋಟ ದಾಟಬೇಕು. ಧಾರವಾಡದ ನರೇಂದ್ರದಿಂದ ಗೋವಾದ ಶೆಲ್ಡೆಗೆ ಹೋಗಬೇಕಿದ್ದ 400 ಕೆ.ವಿ. ಮಾರ್ಗ ನಮ್ಮದೇ ಜಿಲ್ಲೆಯ ಕಾಡಿನಂಚಿನ ಉದಾಹರಣೆ. ಅದು ಗೋವಾ–ತಮ್ನಾರ್ ಯೋಜನೆಯ ಭಾಗ, ಗುತ್ತಿಗೆ ಹಿಡಿದದ್ದು ಪವರ್‌ಗ್ರಿಡ್ ಅಲ್ಲದ ಖಾಸಗಿ ಕಂಪನಿ. ಕಾಡಿನ ಅನುಮತಿಯ ತಕರಾರು ಸುಪ್ರೀಂ ಕೋರ್ಟಿನ ತನಕ ಹೋಯಿತು. ಹೀಗೆ ನಿಂತ ಯೋಜನೆಯಲ್ಲಿ ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ವಾರ್ಷಿಕ ವರದಿಯಲ್ಲಿ ‘ನಡೆಯುತ್ತಿರುವ ಬಂಡವಾಳ ಕಾಮಗಾರಿ’ ಎಂಬ ಸಾಲು ವರ್ಷದಿಂದ ವರ್ಷಕ್ಕೆ ಉಬ್ಬುತ್ತಿದ್ದು, ಬಳಕೆಗೆ ಬಂದ ಆಸ್ತಿ ಅಷ್ಟೇ ಇದ್ದರೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದೇ ಅರ್ಥ.

ತೀರ್ಪು: ಮೊದಲ ವಿದ್ಯುತ್ ಷೇರು ಕೊಳ್ಳುವವರಿಗೆ ಇದೇ ಸರಿ. ಬೇಗ ದುಡ್ಡು ದುಪ್ಪಟ್ಟಾಗಬೇಕು ಎನ್ನುವವರಿಗೆ ಬೇಸರ ತರಿಸುತ್ತದೆ.

ಎನ್‌ಟಿಪಿಸಿ ಮತ್ತು ಅದರ ಹಸಿರು ಮಗಳು

ಎನ್‌ಟಿಪಿಸಿಯದು ಈಗಲೂ ಬಹುಪಾಲು ಕಲ್ಲಿದ್ದಲಿನ ಕರೆಂಟು; ಇದು ಕೇಂದ್ರ ಸರ್ಕಾರದ ವಿದ್ಯುತ್ ಉತ್ಪಾದನಾ ಕಂಪನಿ. ಹಸಿರು ಮಾತ್ರ ಬೇಕು ಎನ್ನುವ ಕಟ್ಟುನಿಟ್ಟಿನವರು ಇದನ್ನು ಬಿಡಬಹುದು. ವ್ಯವಹಾರ ಮಾತ್ರ ಗಟ್ಟಿ. ಸ್ಥಾವರ ಶೇ 85 ಲಭ್ಯತೆಯಲ್ಲಿದ್ದರೆ ಸ್ಥಿರ ಶುಲ್ಕ ಪೂರ್ತಿ ಬರುತ್ತದೆ, ಕಲ್ಲಿದ್ದಲಿನ ದರ ಏರಿದರೆ ಕೊಳ್ಳುವ ರಾಜ್ಯಗಳ ಬಿಲ್ಲಿಗೆ ಸೇರುತ್ತದೆ. ಕೈಗಾದ ಪಕ್ಕದವರಿಗೆ ಇನ್ನೊಂದು ಕುತೂಹಲ: ರಾಜಸ್ಥಾನದ ಮಾಹಿ ಬಾಂಸ್ವಾಡಾದಲ್ಲಿ 700 ಮೆಗಾವ್ಯಾಟಿನ ನಾಲ್ಕು ಅಣು ಘಟಕ ಕಟ್ಟಲು ಎನ್‌ಪಿಸಿಐಎಲ್ ಶೇ 51, ಎನ್‌ಟಿಪಿಸಿ ಶೇ 49 ಹಾಕಿ ‘ಅಶ್ವಿನಿ’ ಎಂಬ ಜಂಟಿ ಕಂಪನಿ ಮಾಡಿಕೊಂಡಿವೆ. ಕೈಗಾದ ಐದು ಮತ್ತು ಆರನೇ ಘಟಕಗಳಿಗೆ ಗೊತ್ತುಮಾಡಿದ್ದೂ ಇದೇ 700 ಮೆಗಾವ್ಯಾಟಿನ ಮಾದರಿ. ಅಣು ವಿದ್ಯುತ್ತಿನ ಒಂದು ಎಳೆ ನಿಮ್ಮ ಖಾತೆಯಲ್ಲಿ ಇರಲೇಬೇಕೆಂದರೆ ಸದ್ಯಕ್ಕೆ ಈ ಹಾದಿಯಿದೆ. ಆದರೆ ಫಲ ಕೈಗೆ ಬರುವಷ್ಟರಲ್ಲಿ ಇವತ್ತು ನೆಟ್ಟ ಅಡಿಕೆ ಸಸಿ ಗೊನೆ ಬಿಟ್ಟಿರುತ್ತದೆ.

ಎನ್‌ಟಿಪಿಸಿ ಗ್ರೀನ್ ಎನರ್ಜಿ 2024ರ ನವೆಂಬರಿನಲ್ಲಿ 108 ರೂಪಾಯಿಗೆ ಐಪಿಒ ತಂದು 10,000 ಕೋಟಿ ಎತ್ತಿತು. ಕೆಲವೇ ವಾರ ಮೇಲೆ ಹೋಗಿ, 2025ರ ಮೊದಲ ತಿಂಗಳುಗಳಲ್ಲಿ ಕೊಟ್ಟ ಬೆಲೆಗಿಂತ ಕೆಳಗೆ ಇಳಿಯಿತು. ಕಂಪನಿ ಕೆಟ್ಟದ್ದೇನಲ್ಲ. ಆದರೆ ಅದರ ಸುಮಾರು ಶೇ 89 ಪಾಲು ಎನ್‌ಟಿಪಿಸಿಯ ಬಳಿಯೇ ಇದೆ. ತಾಯಿಯ ಷೇರು ಕೊಂಡರೆ ಮಗಳೂ ಬಂದ ಹಾಗೆ, ಅದೂ ಕಡಿಮೆ ಪಿಇಗೆ. ಎರಡನ್ನೂ ಕೊಂಡು ‘ಎರಡು ಕಡೆ ಹಂಚಿದ್ದೇನೆ’ ಎಂದುಕೊಳ್ಳುವುದು ಲೆಕ್ಕದ ತಪ್ಪು.

ಸೋಲಾರ್ ಕಂಪನಿಯ ಲಾಭ ಯಾಕೆ ತೆಳು ಎಂಬುದನ್ನು ಇಲ್ಲಿಯೇ ನೋಡಿಬಿಡೋಣ. ಲೆಕ್ಕಕ್ಕಾಗಿ 100 ಮೆಗಾವ್ಯಾಟಿನ ಒಂದು ಸೋಲಾರ್ ಸ್ಥಾವರ ಹಿಡಿಯಿರಿ. ಅದು ತನ್ನ ಪೂರ್ಣ ಸಾಮರ್ಥ್ಯದ ಶೇ 25ರಷ್ಟು ಕೊಟ್ಟರೆ ವರ್ಷಕ್ಕೆ 21.9 ಕೋಟಿ ಯೂನಿಟ್. ಯೂನಿಟಿಗೆ 2.50 ರೂಪಾಯಿಯಂತೆ 54.75 ಕೋಟಿ ಆದಾಯ. ಮೆಗಾವ್ಯಾಟಿಗೆ 4.5 ಕೋಟಿ ಖರ್ಚು ಹಿಡಿದರೆ ಒಟ್ಟು 450 ಕೋಟಿ, ಅದರಲ್ಲಿ ಮುಕ್ಕಾಲು ಸಾಲ, ಅಂದರೆ 337.5 ಕೋಟಿ. ಶೇ 9ರ ಬಡ್ಡಿ 30.4 ಕೋಟಿ. 25 ವರ್ಷಕ್ಕೆ ಸವಕಳಿ ಹಂಚಿದರೆ ವರ್ಷಕ್ಕೆ 18 ಕೋಟಿ. ಪ್ಯಾನೆಲ್ ತೊಳೆಯುವುದು, ಹುಲ್ಲು ಕೊಯ್ಯುವುದು, ಇನ್ವರ್ಟರ್ ಬದಲಿಸುವುದು, ವಿಮೆ, ಜಾಗದ ಬಾಡಿಗೆ ಎಲ್ಲ ಸೇರಿ 5 ಕೋಟಿ. ಮೊದಲ ವರ್ಷ ತೆರಿಗೆಗೆ ಮೊದಲು ಉಳಿಯುವುದು ಒಂದು ಕೋಟಿ 37 ಲಕ್ಷ ಮಾತ್ರ.

ಬಡ್ಡಿ ಶೇ 10 ಆಯಿತೋ, ಎರಡು ಕೋಟಿ ನಷ್ಟ. ಬಡ್ಡಿ ಹಾಗೆಯೇ ಇದ್ದು ಉತ್ಪಾದನೆ ಶೇ 25ರಿಂದ 24ಕ್ಕೆ ಇಳಿದರೂ ನಷ್ಟವೇ. ಸಾಲ ತೀರುತ್ತಾ ಹೋದಂತೆ ಬಡ್ಡಿ ಕರಗಿ, ಹತ್ತನೇ ವರ್ಷದ ಹೊತ್ತಿಗೆ ಇದೇ ಸ್ಥಾವರ ಚೆನ್ನಾಗಿ ದುಡಿಯುತ್ತದೆ. ದರ 25 ವರ್ಷಕ್ಕೂ ಅದೇ, ಪ್ಯಾನೆಲ್ ಮಾತ್ರ ವರ್ಷಕ್ಕಿಷ್ಟು ಸವೆಯುತ್ತದೆ. ಆದ್ದರಿಂದ ಸೋಲಾರ್ ಕಂಪನಿ ಕೊಳ್ಳುವುದು ಎಂದರೆ ಬಹುಮಟ್ಟಿಗೆ ಬಡ್ಡಿ ದರದ ಮೇಲೆ ಪಣ ಕಟ್ಟಿದಂತೆ. ರಿಸರ್ವ್ ಬ್ಯಾಂಕಿನ ರೆಪೊ ನಿರ್ಧಾರದ ದಿನ ಈ ಷೇರುಗಳು ಅಲ್ಲಾಡುವುದು ಸುಮ್ಮನೆ ಅಲ್ಲ. ದರವಂತೂ ಟೆಂಡರಿನ ಜಿದ್ದಿಗೆ ಬಿದ್ದು ಎಲ್ಲಿಗೆ ಇಳಿದಿದೆ ನೋಡಿ: 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44, 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1.99 ರೂಪಾಯಿ.

ಇನ್ನು ಕೊಳ್ಳುವವನ ಮಾತು. ಆಂಧ್ರಪ್ರದೇಶ ಸರ್ಕಾರ 2019ರಲ್ಲಿ ಹಿಂದಿನ ಪವನ ಮತ್ತು ಸೌರ ಒಪ್ಪಂದಗಳ ದರ ಜಾಸ್ತಿಯಾಯಿತು, ಮತ್ತೆ ಮಾತಾಡೋಣ ಎಂದು ಸಮಿತಿ ಮಾಡಿತು. ಹೈಕೋರ್ಟು ಕಂಪನಿಗಳ ಪರ ಹೇಳಿದ್ದು 2022ರ ಮಾರ್ಚಿನಲ್ಲಿ. ಆ ಮೂರು ವರ್ಷ ಬಾಕಿ ಕೂತಿತ್ತು, ಸಾಲದ ಬಡ್ಡಿ ಓಡುತ್ತಿತ್ತು. 2022ರ ಜೂನಿನಲ್ಲಿ ತಡಪಾವತಿ ನಿಯಮ ಬರುವ ಹೊತ್ತಿಗೆ ರಾಜ್ಯಗಳ ವಿತರಣಾ ಕಂಪನಿಗಳ ಹಳೆ ಬಾಕಿ ಸುಮಾರು 1.4 ಲಕ್ಷ ಕೋಟಿ ಇತ್ತು. ಅದನ್ನು ಕಂತು ಮಾಡಿ ಕಟ್ಟಿಸಿದ ಮೇಲೆ, ಕಟ್ಟದವರಿಗೆ ಕರೆಂಟು ಕೊಳ್ಳುವ ಹಾದಿ ಬಿಗಿ ಮಾಡಿದ ಮೇಲೆ, ಪರಿಸ್ಥಿತಿ ಬಹಳ ಸುಧಾರಿಸಿದೆ. ಈಗಿನ ಕಾಯಿಲೆ ಬೇರೆ. ಟೆಂಡರ್ ಗೆದ್ದರೂ ಕೊಳ್ಳುವ ರಾಜ್ಯ ಸಿಗದೆ, ಒಪ್ಪಂದಕ್ಕೆ ಸಹಿ ಬೀಳದೆ ಉಳಿದ ಯೋಜನೆಗಳು 2025ರಲ್ಲಿ 40 ಗಿಗಾವ್ಯಾಟ್ ದಾಟಿದ್ದವು. ರಾಜಸ್ಥಾನದಲ್ಲಿ ಸ್ಥಾವರ ಸಿದ್ಧ, ತಂತಿ ಸಿದ್ಧವಿಲ್ಲ ಎಂದು ಮಧ್ಯಾಹ್ನದ ಹೊತ್ತು ಉತ್ಪಾದನೆ ಕಡಿತ ಮಾಡಿಸಿದ್ದೂ ಅದೇ ವರ್ಷ.

ಕಂಪನಿಯ ಪ್ರಕಟಣೆಯಲ್ಲಿ ‘ಇಷ್ಟು ಸಾವಿರ ಮೆಗಾವ್ಯಾಟ್’ ಎಂದು ಕಂಡರೆ ಯಾವ ಮೆಗಾವ್ಯಾಟ್ ಎಂದು ಕೇಳಿ. ಟೆಂಡರ್ ಗೆದ್ದ ಪತ್ರ, ಖರೀದಿ ಒಪ್ಪಂದ, ಕಾಮಗಾರಿ, ಚಾಲನೆ, ಹೀಗೆ ನಾಲ್ಕು ಮೆಟ್ಟಿಲು. ದುಡ್ಡು ಹುಟ್ಟುವುದು ನಾಲ್ಕನೆಯದರಲ್ಲಿ ಮಾತ್ರ. ಮೊದಲನೆಯದನ್ನು ದೊಡ್ಡ ಅಕ್ಷರದಲ್ಲಿ ಹಾಕಿ ನಾಲ್ಕನೆಯದನ್ನು ಅಡಿಟಿಪ್ಪಣಿಗೆ ತಳ್ಳುವವರಿಂದ ದೂರ ಇರಿ.

ಎನ್‌ಎಚ್‌ಪಿಸಿ, ಎಸ್‌ಜೆವಿಎನ್: ಗುರುತಿನ ಮುಖ, ಆದರೂ ಎಚ್ಚರ

ಅಣೆಕಟ್ಟು ನೋಡುತ್ತ ಬೆಳೆದ ಜಿಲ್ಲೆಗೆ ಜಲವಿದ್ಯುತ್ ಷೇರು ಆಪ್ತ ಎನಿಸುತ್ತದೆ. ಎನ್‌ಎಚ್‌ಪಿಸಿ 2009ರಲ್ಲಿ 36 ರೂಪಾಯಿಗೆ, ಎಸ್‌ಜೆವಿಎನ್ 2010ರಲ್ಲಿ 26ಕ್ಕೆ ಪೇಟೆಗೆ ಬಂದವು, ಎರಡೂ ಹತ್ತು ವರ್ಷದ ಮೇಲೂ ಅಲ್ಲಲ್ಲೇ ಸುತ್ತಿದವು. ಜಲಾಗಾರದ ಶುಲ್ಕದಲ್ಲಿ ಅರ್ಧ ಸ್ಥಾವರ ಸಿದ್ಧವಿರುವುದಕ್ಕೆ, ಇನ್ನರ್ಧ ಯೂನಿಟಿಗೆ. ನೀರು ಸಂಗ್ರಹಿಸುವ ಅಣೆಕಟ್ಟಿಗೆ ಪ್ರತಿಫಲ ತುಸು ಹೆಚ್ಚು, ಶೇ 16.5. ಕಟ್ಟಿ ಮುಗಿದ ಜಲಾಗಾರ ಚಿನ್ನ. ಇಂಧನಕ್ಕೆ ಕಾಸಿಲ್ಲ, ಆಯುಷ್ಯ ನಲವತ್ತು ವರ್ಷ.

ಕಷ್ಟವೆಲ್ಲ ಕಟ್ಟಿ ಮುಗಿಯುವ ತನಕ. ಅರುಣಾಚಲ–ಅಸ್ಸಾಂ ಗಡಿಯ 2,000 ಮೆಗಾವ್ಯಾಟಿನ ಸುಬನ್ಸಿರಿ ಲೋಯರ್ ಕಾಮಗಾರಿ 2005ರಲ್ಲಿ ಶುರುವಾಗಿ, 2011ರ ಡಿಸೆಂಬರಿನಲ್ಲಿ ನಿಂತು, ಮತ್ತೆ ಎದ್ದದ್ದು 2019ರ ಅಕ್ಟೋಬರಿನಲ್ಲಿ. 2023ರ ಅಕ್ಟೋಬರ್ 4ರಂದು ಸಿಕ್ಕಿಮಿನಲ್ಲಿ ಲ್ಹೋನಕ್ ಹಿಮಸರೋವರ ಒಡೆದು ತೀಸ್ತಾ ಉಕ್ಕಿದಾಗ ಎನ್‌ಎಚ್‌ಪಿಸಿಯ ತೀಸ್ತಾ-5ಕ್ಕೂ ಪೆಟ್ಟಾಯಿತು. ಕದ್ರಾದ ಗೇಟು ತೆರೆದಾಗ ಕೆಳಗಿನ ಊರುಗಳಲ್ಲಿ ಏನಾಗುತ್ತದೆ ಎಂದು ಬಲ್ಲವರಿಗೆ ಹಿಮಾಲಯದ ನದಿ ಹೇಗಿರಬಹುದು ಎಂಬ ಅಂದಾಜು ಸಿಕ್ಕೀತು. ಕೊಳ್ಳುವುದಾದರೆ ಎನ್‌ಎಚ್‌ಪಿಸಿ ಸಾಕು. ಎರಡೂ ಬೇಡ, ಅಪಾಯ ಒಂದೇ ಬೆಟ್ಟದ್ದು.

ಇವು ವಿದ್ಯುತ್ ಕಂಪನಿಗಳೇ ಅಲ್ಲ

ಇರೆಡಾ ಹಸಿರು ಇಂಧನ ಯೋಜನೆಗಳಿಗೆ ಸಾಲ ಕೊಡುವ ಸರ್ಕಾರಿ ಸಂಸ್ಥೆ. 2023ರ ನವೆಂಬರಿನಲ್ಲಿ 32 ರೂಪಾಯಿಗೆ ಕೊಟ್ಟರು, 50ಕ್ಕೆ ಪಟ್ಟಿಯಾಯಿತು, 2024ರ ಜುಲೈಯಲ್ಲಿ 300 ದಾಟಿತು, 2025ರ ಮಾರ್ಚಿನಲ್ಲಿ 150ಕ್ಕಿಂತ ಕೆಳಗಿತ್ತು. ಮೇಲೆ ಹೋದ ಆ ಎಂಟು ತಿಂಗಳಲ್ಲಿ ದೇಶದ ಬಿಸಿಲೇನೂ ಹತ್ತು ಪಟ್ಟು ಆಗಿರಲಿಲ್ಲ. ಇದನ್ನು ಬ್ಯಾಂಕನ್ನು ನೋಡಿದ ಹಾಗೆ ನೋಡಬೇಕು: ಒಟ್ಟು ಕೆಟ್ಟ ಸಾಲ ಶೇಕಡಾ ಎಷ್ಟು, ಬಡ್ಡಿಯ ಅಂತರ ಎಷ್ಟು, ಬೆಲೆ ಪುಸ್ತಕದ ಎಷ್ಟು ಪಟ್ಟು. 2025ರ ಏಪ್ರಿಲಿನ ಜೆನ್ಸಾಲ್ ಪ್ರಕರಣ ಓದಿಕೊಂಡಿರಬೇಕು. ಸೋಲಾರ್ ಗುತ್ತಿಗೆ ಕಂಪನಿ ಎಂದು ಹೆಸರು ಮಾಡಿದ ಜೆನ್ಸಾಲ್ ಇರೆಡಾ ಮತ್ತು ಅದರಂತೆಯೇ ವಿದ್ಯುತ್ ಕ್ಷೇತ್ರಕ್ಕೆ ಸಾಲ ಕೊಡುವ ಪಿಎಫ್‌ಸಿಯಿಂದ ಒಟ್ಟು 977.75 ಕೋಟಿ ಸಾಲ ಪಡೆದಿತ್ತು. 6,400 ವಿದ್ಯುತ್ ಕಾರು ಕೊಳ್ಳಬೇಕಿದ್ದಲ್ಲಿ ಕೊಂಡದ್ದು 4,704, ಹಣ ಬೇರೆಡೆಗೆ ಹರಿದಿದೆ ಎಂದು ಷೇರು ಪೇಟೆಯ ನಿಯಂತ್ರಕ ಸೆಬಿ ತನ್ನ ಮಧ್ಯಂತರ ಆದೇಶದಲ್ಲಿ ಹೇಳಿತು. ಷೇರುದಾರರ ದುಡ್ಡು ಕರಗಿತು, ಸಾಲ ಕೊಟ್ಟವರ ಪುಸ್ತಕದಲ್ಲಿ ಕಲೆ ಉಳಿಯಿತು.

ಗಾಳಿಯಂತ್ರ ಮಾಡುವ ಸುಜ್ಲಾನ್, ಸೋಲಾರ್ ಪ್ಯಾನೆಲ್ ಮಾಡುವ ವಾರೀ, ಪ್ರೀಮಿಯರ್ ಎನರ್ಜೀಸ್ ಕಾರ್ಖಾನೆಗಳು. ಇವುಗಳ ಗುಣ ಸಿಮೆಂಟು, ಉಕ್ಕಿನದು; ಬೇಡಿಕೆ ಬಂದಾಗ ಎಲ್ಲರೂ ಕಾರ್ಖಾನೆ ಹಾಕುತ್ತಾರೆ, ಮಾಲು ಹೆಚ್ಚಾದಾಗ ದರ ಬೀಳುತ್ತದೆ. ಸೋಲಾರ್ ಪ್ಯಾನೆಲಿನ ಲಾಭ ಸರ್ಕಾರದ ಬೇಲಿಯನ್ನು ನೆಚ್ಚಿಕೊಂಡಿದೆ. 2022ರ ಏಪ್ರಿಲಿನಿಂದ ಆಮದು ಪ್ಯಾನೆಲಿಗೆ ಶೇ 40, ಸೆಲ್ಲಿಗೆ ಶೇ 25 ಸುಂಕ ಹಾಕಿದರು, ಅನುಮೋದಿತ ತಯಾರಕರ ಪಟ್ಟಿ ಮಾಡಿದರು. ಬೇಲಿ ಸರಿದ ದಿನ ಲಾಭ ಎಷ್ಟು ಉಳಿಯುತ್ತದೆ ಎನ್ನುವುದಕ್ಕೆ ಉತ್ತರ ಸಿಗದೆ ಕೊಳ್ಳಬೇಡಿ. ಸುಜ್ಲಾನ್ 2007ರಲ್ಲಿ ಜರ್ಮನಿಯ ರೀಪವರ್ ಕಂಪನಿಯನ್ನು ಸಾಲ ಮಾಡಿ ಹಿಡಿದು, 2012ರಲ್ಲಿ ವಿದೇಶಿ ಬಾಂಡ್ ತೀರಿಸಲಾಗದೆ ನಿಂತು, 2020ರಲ್ಲಿ 2 ರೂಪಾಯಿಗಿಂತ ಕೆಳಗೆ ಬಿದ್ದಿತ್ತು. ಗಾಳಿ ಆಗಲೂ ಬೀಸುತ್ತಲೇ ಇತ್ತು. ಆಮೇಲೆ ಸಾಲ ತೀರಿಸಿ ಎದ್ದು ನಿಂತದ್ದು ನಿಜ. ಆದರೆ ಆ ಹದಿಮೂರು ವರ್ಷ ಹಿಡಿದು ಕೂತವರು ಎಷ್ಟು ಮಂದಿ?

ಐಪಿಒ ಹುಚ್ಚಿಗೆ ಎಲ್ಲಕ್ಕಿಂತ ದೊಡ್ಡ ಪಾಠ 2008ರ ಜನವರಿಯದು. ರಿಲಯನ್ಸ್ ಪವರ್ 450 ರೂಪಾಯಿಗೆ ಕೇಳಿತು, ಜನ ಮಾರಾಟಕ್ಕಿಟ್ಟ ಷೇರಿನ 70 ಪಟ್ಟು ಮೀರಿ ಅರ್ಜಿ ಹಾಕಿದರು, ಪಟ್ಟಿಯಾದ ದಿನವೇ ಬೆಲೆ ಅದಕ್ಕಿಂತ ಕೆಳಗೆ ಮುಗಿಯಿತು. ಆಗ ಕಂಪನಿಯ ಕೈಯಲ್ಲಿ ಓಡುವ ಸ್ಥಾವರ ಇರಲಿಲ್ಲ, ಯೋಜನೆಗಳ ಪಟ್ಟಿ ಇತ್ತು.

ಇನ್ನು ಕರೆಂಟನ್ನು ಮನೆಗೆ ತಲುಪಿಸುವ ವಿತರಣೆಯವರು ನಿಜಕ್ಕೂ ವಿದ್ಯುತ್ ಕಂಪನಿಗಳೇ; ಅವರಲ್ಲಿ ಟಾಟಾ ಪವರ್, ಟೊರೆಂಟ್, ಸಿಇಎಸ್‌ಸಿ ಪಟ್ಟಿಯಲ್ಲಿವೆ. ಟೊರೆಂಟಿಗೆ ಅಹಮದಾಬಾದ್ ಮತ್ತು ಸೂರತ್ತಿನ ಗ್ರಾಹಕರು, ಅಂದರೆ ಬಿಲ್ಲು ಕಟ್ಟುವ ಊರು. ವಿತರಣಾ ಕಂಪನಿಯಲ್ಲಿ ‘ನಿಯಂತ್ರಕ ಬಾಕಿ’ ಎಂಬ ಆಸ್ತಿ ಎಷ್ಟಿದೆ ನೋಡಿ. ಖರ್ಚಾಗಿದೆ, ದರ ಏರಿಸಲು ಆಯೋಗ ಬಿಟ್ಟಿಲ್ಲ, ಮುಂದೆ ಕೊಡುತ್ತೇವೆ ಎಂದಿರುವ ಹಣ ಅದು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಗಡುವಿನೊಳಗೆ ತೀರಿಸಿ ಎಂದು ಹೇಳಬೇಕಾಗಿ ಬಂತು.

ಇನ್‌ವಿಟ್: ಬಡ್ಡಿಗೆ ಹತ್ತಿರ, ಠೇವಣಿ ಅಲ್ಲ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಇಳಿಯದ ಕರಾವಳಿಯಲ್ಲಿ, ಕೊಯ್ಲಿನ ನಾಲ್ಕು ತಿಂಗಳಲ್ಲೇ ವರ್ಷದ ದುಡ್ಡು ಬರುವ ಘಟ್ಟದ ಮೇಲೆ, ಮೂರು ತಿಂಗಳಿಗೊಮ್ಮೆ ಕೈಗೆ ಬರುವ ಹಣಕ್ಕೆ ಬೆಲೆ ಜಾಸ್ತಿ. ಪವರ್‌ಗ್ರಿಡ್ ಇನ್‌ವಿಟ್ 2021ರ ಮೇ ತಿಂಗಳಲ್ಲಿ 100 ರೂಪಾಯಿಗೆ ಬಂತು, ಇಂಡಿಗ್ರಿಡ್ 2017ರಲ್ಲಿ ಅದೇ ಬೆಲೆಗೆ. ಇನ್‌ವಿಟ್ ಎಂದರೆ ತಂತಿ ಮಾರ್ಗಗಳನ್ನು ಒಂದು ಟ್ರಸ್ಟಿಗೆ ಹಾಕಿ, ಅದರ ಪಾಲನ್ನು ‘ಯೂನಿಟ್’ ಎಂದು ಷೇರಿನಂತೆ ಮಾರುವ ವ್ಯವಸ್ಥೆ. ಕೈಗೆ ಬಂದ ನಗದಿನ ಕನಿಷ್ಠ ಶೇ 90 ಹಂಚಲೇಬೇಕು ಎಂಬ ನಿಯಮ. ಪವರ್‌ಗ್ರಿಡ್ ಇನ್‌ವಿಟ್ ಹಲವು ವರ್ಷ ಮೂರು ತಿಂಗಳಿಗೆ 3 ರೂಪಾಯಿಯಂತೆ ಕೊಟ್ಟಿತು. ಹಾಗಿದ್ದೂ ಯೂನಿಟಿನ ಬೆಲೆ 100ಕ್ಕಿಂತ ಕೆಳಗೆ ಹೋಯಿತು. ಶೇ 12 ಸಿಗುತ್ತದೆ ಎಂದು ಹಿಗ್ಗುವವರು ಇಲ್ಲಿ ಎಡವುತ್ತಾರೆ. ಆ 3 ರೂಪಾಯಿಯಲ್ಲಿ ಒಂದಿಷ್ಟು ಬಡ್ಡಿ, ಒಂದಿಷ್ಟು ಲಾಭಾಂಶ, ಒಂದಿಷ್ಟು ನಿಮ್ಮದೇ ಅಸಲಿನ ವಾಪಸಾತಿ. ಗುತ್ತಿಗೆ ಮುಗಿಯುತ್ತಾ ಬಂದಂತೆ ಮಾರ್ಗದ ಬೆಲೆ ಕರಗುತ್ತದೆ, ಹೊಸ ಮಾರ್ಗ ಸೇರದಿದ್ದರೆ ಯೂನಿಟ್ ಕೂಡ. ಪ್ರತಿ ಹಂಚಿಕೆಯ ಜೊತೆ ಬರುವ ವಿಂಗಡಣೆಯ ಚೀಟಿ ತೆಗೆದಿಡಿ. ಬಡ್ಡಿಯ ಭಾಗಕ್ಕೆ ನಿಮ್ಮ ಸ್ಲ್ಯಾಬಿನ ತೆರಿಗೆ, ಅಸಲಿನ ಭಾಗ ನಿಮ್ಮ ಖರೀದಿ ಬೆಲೆಯಿಂದ ಕಳೆಯುತ್ತದೆ. ಚೀಟಿ ಇಲ್ಲದೆ ಲೆಕ್ಕಪರಿಶೋಧಕರ ಮುಂದೆ ಕೂತರೆ ಪೂರ್ತಿಗೂ ತೆರಿಗೆ ಬಿದ್ದೀತು.

ಷೇರಿಗಿಂತ ಮೊದಲು ಸೂರು ನೋಡಿ

ಗೋಕರ್ಣ, ಮುರ್ಡೇಶ್ವರದ ಕಡೆ ಖಾನಾವಳಿ ನಡೆಸುವವರು ವಾಣಿಜ್ಯ ದರದಲ್ಲಿ ಯೂನಿಟಿಗೆ 7 ರೂಪಾಯಿ ಆಸುಪಾಸು ಕಟ್ಟುತ್ತಾರೆ. ಸೂರಿನ ಮೇಲೆ ಹಾಕುವ ಒಂದು ಕಿಲೋವ್ಯಾಟ್ ಸೋಲಾರಿಗೆ 60,000 ರೂಪಾಯಿ, ನಮ್ಮ ಮಳೆಗಾಲ ಕಳೆದು ವರ್ಷಕ್ಕೆ 1,200 ಯೂನಿಟ್ ಎಂದು ಬಿಗಿಯಾಗಿ ಹಿಡಿದರೂ 8,400 ರೂಪಾಯಿ ಉಳಿತಾಯ, ಅಂದರೆ ಶೇ 14. ಇಲ್ಲಿ ಪಿಬಿ ನೋಡುವ ಗೋಜಿಲ್ಲ. ಮನೆಗಳ ಕತೆ ಬೇರೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ ನಿಜ. ಆದರೆ ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುವ ಮನೆಯಲ್ಲಿ ಉಳಿಸಲು ಏನಿದೆ? ಅಂಥವರ ಉಳಿತಾಯದ ದುಡ್ಡು ಷೇರಿಗೆ ಹೋಗುವುದೇ ಸರಿ. ಸಮುದ್ರದಿಂದ ಒಂದೆರಡು ಕಿಲೋಮೀಟರಿನೊಳಗೆ ಇರುವವರು ಉಪ್ಪು ಗಾಳಿಗೆ ತುಕ್ಕು ಹಿಡಿಯದ ಅಲ್ಯೂಮಿನಿಯಂ ಚೌಕಟ್ಟು, ಸ್ಟೇನ್‌ಲೆಸ್ ನಟ್ಟು ಬೋಲ್ಟು ಕೇಳಿ ಹಾಕಿಸಿ.

ಕೊಳ್ಳುವ ಮುನ್ನ ಅರ್ಧ ಗಂಟೆ

ಬಿಎಸ್‌ಇ ಜಾಲತಾಣದಿಂದ ಕಂಪನಿಯ ವಾರ್ಷಿಕ ವರದಿ ಇಳಿಸಿಕೊಳ್ಳಿ. ಬಣ್ಣದ ಪುಟಗಳನ್ನು ದಾಟಿ ‘ಕ್ರೋಡೀಕೃತ’ (ಅಂಗಸಂಸ್ಥೆಗಳನ್ನೂ ಸೇರಿಸಿದ) ಲೆಕ್ಕಕ್ಕೆ ಹೋಗಿ. ಮೊದಲು ಬರಬೇಕಾದ ಬಾಕಿಯನ್ನು ವರ್ಷದ ಆದಾಯದಿಂದ ಭಾಗಿಸಿ 365ರಿಂದ ಗುಣಿಸಿ. 1,000 ಕೋಟಿ ಆದಾಯಕ್ಕೆ 250 ಕೋಟಿ ಬಾಕಿ ಇದ್ದರೆ 91 ದಿನ. 60ರ ಒಳಗಿದ್ದರೆ ನೆಮ್ಮದಿ, 120 ದಾಟಿದರೆ ಯಾವ ರಾಜ್ಯ ಕಟ್ಟಿಲ್ಲ ಎಂದು ಟಿಪ್ಪಣಿಗಳಲ್ಲಿ ಹುಡುಕಿ. ಆಮೇಲೆ ಬಡ್ಡಿ, ತೆರಿಗೆ, ಸವಕಳಿಗೆ ಮೊದಲಿನ ಲಾಭ ಬಡ್ಡಿಯ ಎಷ್ಟು ಪಟ್ಟು ಎಂದು ನೋಡಿ. ಎರಡೂವರೆಗಿಂತ ಕಡಿಮೆ ಇದ್ದರೆ ಬಿಟ್ಟುಬಿಡುವುದು ವಾಸಿ. ಖಾಸಗಿ ಕಂಪನಿಯಾದರೆ ಪ್ರವರ್ತಕರ ಷೇರಿನಲ್ಲಿ ಎಷ್ಟು ಅಡವಿದೆ ಎಂಬುದು ಷೇರುದಾರಿಕೆಯ ಪಟ್ಟಿಯಲ್ಲೇ ಇರುತ್ತದೆ. ಕೊನೆಗೆ ‘ಇತರೆ ಆದಾಯ’: ಆ ವರ್ಷದ ಲಾಭ ಹಳೆ ಬಾಕಿಯ ತಡಪಾವತಿ ಶುಲ್ಕದಿಂದ ಉಬ್ಬಿದ್ದರೆ ಮುಂದಿನ ವರ್ಷ ಅದು ಇರುವುದಿಲ್ಲ.

ಒಂದು ಲಕ್ಷ ಈ ಕ್ಷೇತ್ರಕ್ಕೆ ಇಟ್ಟವರು ಹಂಚುವ ರೀತಿ ಸುಮಾರಾಗಿ ಹೀಗಿರಬಹುದು: ಪವರ್‌ಗ್ರಿಡ್ 35,000, ಎನ್‌ಟಿಪಿಸಿ 25,000, ಇನ್‌ವಿಟ್ 20,000, ಎನ್‌ಎಚ್‌ಪಿಸಿ ಅಥವಾ ಟೊರೆಂಟ್ 10,000. ಉಳಿದ 10,000 ಪೂರ್ತಿ ಹೋದರೂ ನಿದ್ದೆ ಕೆಡದ ಕಾರ್ಖಾನೆಯ ಷೇರಿಗೆ, ಬೇಕಿದ್ದರೆ ಮಾತ್ರ. ಈ ಒಂದು ಲಕ್ಷ ನಿಮ್ಮ ಒಟ್ಟು ಷೇರಿನ ಹಣದಲ್ಲಿ ಶೇ 15 ದಾಟದಿರಲಿ, ಯಾಕೆಂದರೆ ಇವೆಲ್ಲಕ್ಕೂ ದರ ಕಟ್ಟುವುದು ಸರ್ಕಾರ, ಬಡ್ಡಿ ಏರಿದರೆ ಎಲ್ಲವೂ ಒಟ್ಟಿಗೆ ಇಳಿಯುತ್ತವೆ. ನಿಫ್ಟಿ ಎನರ್ಜಿ ಸೂಚ್ಯಂಕದ ಫಂಡು ಕೊಂಡರೆ ಹಸಿರು ಬಂತು ಎಂದುಕೊಳ್ಳಬೇಡಿ, ಅದರಲ್ಲಿ ರಿಲಯನ್ಸ್, ಓಎನ್‌ಜಿಸಿಯಂಥ ತೈಲದವರೂ ಇದ್ದಾರೆ.

ಅಡಿಕೆ ಬಿಟ್ಟ ದುಡ್ಡನ್ನು ಒಂದೇ ದಿನ ಹಾಕದೆ ನಾಲ್ಕೈದು ಸಲ ಹಂಚಿ, ಪ್ರತಿ ಸಲವೂ ಲಿಮಿಟ್ ಆರ್ಡರ್ (ಇಷ್ಟು ಬೆಲೆಯೊಳಗೆ ಮಾತ್ರ ಕೊಳ್ಳುತ್ತೇನೆ ಎಂಬ ಮಿತಿ) ಹಾಕಿ. ಮಾರುವಾಗ ಡಿಪಿ ಶುಲ್ಕ (ಷೇರು ಇಡುವ ಡಿಮ್ಯಾಟ್ ಖಾತೆಯಿಂದ ಷೇರು ತೆಗೆಯುವುದಕ್ಕೆ ಕಟ್ಟುವುದು) ಒಂದು ಕಂಪನಿಗೆ ದಿನಕ್ಕೆ ಒಮ್ಮೆ ಬೀಳುತ್ತದೆ, ಹತ್ತು ಷೇರಿಗೂ ಸಾವಿರಕ್ಕೂ ಒಂದೇ. ಚೂರುಚೂರಾಗಿ ಮಾರಿದರೆ ಅದೇ ತಿಂದುಹಾಕುತ್ತದೆ. ಒಟ್ಟು ಮೌಲ್ಯ 4 ಲಕ್ಷದೊಳಗಿದ್ದು ಒಂದೇ ಡಿಮ್ಯಾಟ್ ಇರುವವರು ಮೂಲ ಸೇವಾ ಖಾತೆ ಕೇಳಿದರೆ ವಾರ್ಷಿಕ ಶುಲ್ಕ ಇಲ್ಲ. ಒಂದು ವರ್ಷ ದಾಟಿಸಿ ಮಾರಿದರೆ ವರ್ಷದಲ್ಲಿ 1.25 ಲಕ್ಷ ದಾಟಿದ ಲಾಭಕ್ಕೆ ಮಾತ್ರ ಶೇ 12.5 ತೆರಿಗೆ, ಅದಕ್ಕಿಂತ ಮೊದಲು ಮಾರಿದರೆ ಶೇ 20. ವಾಟ್ಸ್ಆ್ಯಪ್ ಗುಂಪಿನಲ್ಲಿ ಟಿಪ್ಸ್ ಕೊಡುವವರ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿ ಜಾಲತಾಣದಲ್ಲಿ ಅದೇ ಹೆಸರಿದೆಯೇ ನೋಡಿ.

ಲಾಭಾಂಶಕ್ಕೆಂದು ಕೊಳ್ಳುವವರು ದಾಖಲೆ ದಿನಕ್ಕೆ (ಲಾಭಾಂಶ ಯಾರಿಗೆ ಎಂದು ಕಂಪನಿ ಪಟ್ಟಿ ನೋಡುವ ದಿನ) ಕನಿಷ್ಠ ಒಂದು ವಹಿವಾಟು ದಿನ ಮೊದಲು ಕೊಂಡಿರಬೇಕು. ದಾಖಲೆ ದಿನ ಷೇರಿನ ಬೆಲೆ ಸರಿಸುಮಾರು ಲಾಭಾಂಶದಷ್ಟೇ ಇಳಿಯುತ್ತದೆ, ಹಾಗಾಗಿ ಹಿಂದಿನ ದಿನ ನುಗ್ಗಿ ಕೊಳ್ಳುವುದರಲ್ಲಿ ಲಾಭವಿಲ್ಲ. ಈ ಜಿಲ್ಲೆಯಲ್ಲಿ ಲಾಭಾಂಶ ಕೈತಪ್ಪುವುದು ಹೆಚ್ಚಾಗಿ ಇನ್ನೊಂದು ಕಾರಣಕ್ಕೆ. ಹಳೆಯ ಡಿಮ್ಯಾಟ್ ಖಾತೆಗಳಲ್ಲಿ ಇನ್ನೂ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕಿನ ಐಎಫ್‌ಎಸ್‌ಸಿ ಕೂತಿದೆ. ಮೊದಲನೆಯದು ಕೆನರಾಕ್ಕೆ, ಎರಡನೆಯದು ಯೂನಿಯನ್ ಬ್ಯಾಂಕಿಗೆ 2020ರಲ್ಲಿ, ಮೂರನೆಯದು ಬ್ಯಾಂಕ್ ಆಫ್ ಬರೋಡಾಕ್ಕೆ 2019ರಲ್ಲಿ ಸೇರಿದವು. 2025ರ ಮೇ 1ರಿಂದ ವಿಕಾಸ ಗ್ರಾಮೀಣ ಬ್ಯಾಂಕೂ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಬ್ಯಾಂಕ್ ಪಾಸ್‌ಬುಕ್ ಮತ್ತು ಡಿಮ್ಯಾಟಿನ ವಿವರ ಎದುರೆದುರು ಇಟ್ಟು ನೋಡಿ, ತಾಳೆಯಾಗದಿದ್ದರೆ ಬ್ರೋಕರಿಗೆ ರದ್ದು ಮಾಡಿದ ಚೆಕ್ಕಿನ ಪ್ರತಿ ಕಳಿಸಿ ಸರಿಪಡಿಸಿಕೊಳ್ಳಿ. ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದೆ ಬಿಟ್ಟರೆ ಆ ಹಣದ ಜೊತೆ ಷೇರುಗಳೂ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಬಿಡಿಸಿಕೊಳ್ಳಲು ಐಇಪಿಎಫ್-5 ಅರ್ಜಿ ತುಂಬಿ, ಕಂಪನಿಯ ನೋಡಲ್ ಅಧಿಕಾರಿಯ ಹಿಂದೆ ತಿಂಗಳುಗಟ್ಟಲೆ ಅಲೆಯಬೇಕು.